ಕಪಾಟಿನಲ್ಲಿಟ್ಟ ಚಸ್ಮಾ

ಮಣ್ಣೂರ, ತಾ. ಅಫಜಲಪುರ
೧೮ ಆಗಸ್ಟ್ ೧೯೮೯

ಶ್ರೀ ಕಲ್ಯಾಣಪ್ಪನವರಿಗೆ ನಮಸ್ಕಾರ.

ನಾನು ಸುಲಭಾ. ಇಲ್ಲಿನ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯ ಕ್ಲಾಸ್ ಟೀಚರು, ಗಣಿತ ಹೇಳಿಕೊಡುತ್ತೇನೆ. ನಿಮ್ಮ ಮಗಳು ಹೀರಾಬಾಯಿಯ ವಿಷಯ ಬರೆಯಬೇಕಾಗಿದೆ. ಅವಳು ನಿಮ್ಮ ಅಕ್ಕನ ಮನೆಯಲ್ಲಿದ್ದು ಓದುತ್ತಾಳಾದ್ದರಿಂದ ಮೊದಲು ಅವರಿಗೇ ಹೇಳಿಕಳಿಸಿದ್ದೆ. "ಅವರಪ್ಪ ಅದಾನಲ್ಲ, ಅವಗ ಬರೀರಿ" ಎಂದು ಸುಭದ್ರಾಬಾಯಿಯವರು ನಿಮ್ಮ ವಿಳಾಸ ಕೊಟ್ಟರು.

ನಮ್ಮ ಹೆಡ್‌ಮಾಸ್ತರು ಶ್ರೀಪಾದರಾಯರದೊಂದು ಪದ್ಧತಿ ಇದೆ. ತಿಂಗಳ ಪರೀಕ್ಷೆ ಮುಗಿದ ಮೇಲೆ ಮಾರ್ಕಿನ ಪ್ರಕಾರ ಬೆಂಚು. ಹೆಚ್ಚು ಬಂದವರು ಮುಂದೆ, ಕಡಿಮೆ ಬಂದವರು ಹಿಂದೆ. ಜೂನ್‌ನಲ್ಲಿ ನಿಮ್ಮ ಮಗಳು ಎರಡನೆಯ ಬೆಂಚಿನಲ್ಲಿದ್ದಳು. ಜುಲೈಯಲ್ಲಿ ಹಿಂದಕ್ಕೆ ಹೋದಳು. ಈಗ ಕಟ್ಟಕಡೆಯ ಬೆಂಚು. ಇನ್ನೂ ಹಿಂದೆ ಕಳಿಸಬೇಕೆಂದರೆ ನಾವು ಗೋಡೆ ಒಡೆಸಬೇಕು.

ಹುಡುಗಿ ದಡ್ಡಿಯಲ್ಲ. ಬಾಯಿಲೆಕ್ಕ ಕೇಳಿದರೆ ಎಲ್ಲರಿಗಿಂತ ಮೊದಲು ಉತ್ತರ ಹೇಳುತ್ತಾಳೆ. ಬೋರ್ಡಿನ ಮೇಲೆ ಬರೆದುಕೊಟ್ಟರೆ ಮಾತ್ರ ಪಕ್ಕದ ಮಲ್ಕಮ್ಮನ ನೋಟಬುಕ್ಕಿನಲ್ಲಿ ತಲೆ ತೂರಿಸಿ ಕಾಪಿ ಹೊಡೆಯುತ್ತಾಳೆ. ಗದರಿಸಿದರೆ ತುಟಿ ಬಿಚ್ಚುವುದಿಲ್ಲ. ಅವಳ ಮನಸ್ಸು ಎಲ್ಲಿ ಮೇಯುತ್ತಿದೆಯೋ ಒಮ್ಮೆ ಬಂದು ನೀವೇ ಕೇಳಿ.

ಇತಿ,
ಸುಲಭಾ


ಭೂಸನೂರ, ತಾ. ಆಳಂದ
೨ ಸೆಪ್ಟೆಂಬರ್ ೧೯೮೯

ಮಾನ್ಯ ಸುಲಭಾಬಾಯಿಯವರಿಗೆ ಕಲ್ಯಾಣಪ್ಪನ ಶರಣು ಶರಣಾರ್ಥಿ.

ತಮ್ಮ ಕಾರ್ಡು ಮುಟ್ಟಿತು. ಮುಟ್ಟುವ ಮೊದಲೇ ಊರಿಗೆಲ್ಲ ಮುಟ್ಟಿತು. ನಮ್ಮ ಪೋಸ್ಟಮನ್ ಖಾಜಾ ಒಳ್ಳೆಯ ಮನುಷ್ಯ, ಆದರೆ ಕಾರ್ಡು ಬಂದರೆ ಓದಿಯೇ ಕೊಡುತ್ತಾನೆ. "ಕಲ್ಯಾಣಪ್ಪಾ, ನಿನ್ನ ಮಗಳ ಸಲುವಾಗಿ ಸಾಲಿ ಗ್ವಾಡಿ ಒಡಸ್ತಾರಂತ ನೋಡ್" ಎಂದು ಕಟ್ಟೆಯ ಮೇಲೆ ಕುಳಿತವರ ಮುಂದೆ ಕೂಗಿದ. ಇನ್ನು ಮುಂದೆ ದಯವಿಟ್ಟು ಇನ್‌ಲ್ಯಾಂಡ್ ಬರೆಯಬೇಕು.

ನಾನು ಕಬ್ಬು ಬೆಳೆಯುವವನು. ಮೂವರು ಹೆಣ್ಣುಮಕ್ಕಳು, ಹೀರಾ ದೊಡ್ಡಾಕೆ. ಅಕ್ಕನ ಮಗ ಹಣಮಂತರಾಯನಿಗೆ ಆಕೆಯನ್ನು ಕೊಡುವುದೆಂದು ಸಣ್ಣವಳಿದ್ದಾಗಲೇ ಮಾತಾಗಿದೆ. "ನನ್ನ ಮನಿಗಿ ಸೊಸಿಯಾಗಿ ಬರಾಕಿ, ನನ್ನ ಕೈಯಾಗೇ ಬೆಳೀಲಿ" ಎಂದು ಏಳನೆಯದು ಮುಗಿದ ಕೂಡಲೇ ಅಕ್ಕ ಕರೆದುಕೊಂಡು ಹೋದಳು. ಅಂಥ ಮನೆತನ ತಾನಾಗಿ ಕೇಳಿದ್ದು ನಮ್ಮ ಪುಣ್ಯ.

ನೀವು ಬರೆದದ್ದು ನೋಡಿದರೆ ಹುಡುಗಿಗೆ ತಿರುಗಾಟ ಹೆಚ್ಚಾಗಿದೆ. ಗೆಳತಿಯರ ಜೊತೆ ಹೊಳೆಗೆ ಹೋಗುವುದು ಬಂದ್ ಮಾಡಿಸಿದ್ದೇನೆ. ರೇಡಿಯೋ ಬಂದ್. ನೀವೂ ಬೇಕಾದರೆ ನಾಲ್ಕು ಬಾರಿಸಿರಿ, ನನ್ನ ಪೂರಾ ಒಪ್ಪಿಗೆ ಇದೆ. ಮಾರ್ಕು ಹೀಗೇ ಆದರೆ ಒಂಬತ್ತಕ್ಕೇ ಶಾಲೆ ಬಿಡಿಸಿ ಲಗ್ನದ ಕಾರ್ಯ ಮಾಡಿಬಿಡೋಣ ಎಂದು ಅಕ್ಕ ಹೇಳುತ್ತಿದ್ದಾಳೆ. ಹತ್ತು ಪಾಸಾದ ಮಗಳನ್ನು ಕೊಟ್ಟೆ ಎನ್ನುವ ಆಸೆ ನನಗೆ. ಅದೊಂದು ತಮ್ಮ ಕೈಯಲ್ಲಿದೆ.

ಕಲ್ಯಾಣಪ್ಪ


ಮಣ್ಣೂರ
೩೦ ಸೆಪ್ಟೆಂಬರ್ ೧೯೮೯

ಶ್ರೀ ಕಲ್ಯಾಣಪ್ಪನವರಿಗೆ ನಮಸ್ಕಾರ.

ರೇಡಿಯೋ ಶುರು ಮಾಡಿಸಿ. ಹೊಳೆಗೂ ಕಳಿಸಿ. ನಿಮ್ಮ ಮಗಳಿಗೆ ಬೋರ್ಡು ಕಾಣುವುದಿಲ್ಲ.

ಗೊತ್ತಾದದ್ದು ಹೀಗೆ. ಶ್ರೀಪಾದರಾಯರು ತಮ್ಮ ಕರಿ ಕೋಟನ್ನು ಬಾಗಿಲ ಪಕ್ಕದ ಮೊಳೆಗೆ ತೂಗಿಹಾಕಿ ಊಟಕ್ಕೆ ಹೋಗಿದ್ದರು. ಹೀರಾಬಾಯಿ ಹಾಜರಿ ಪುಸ್ತಕ ಹಿಡಿದು ಬಂದವಳು ಆ ಕೋಟಿನ ಮುಂದೆ ಕೈಕಟ್ಟಿ ನಿಂತು, "ಸರ್, ಒಳಗ ಬರ್ಲ್ರಿ?" ಎಂದಳು. ಕೋಟು ಮಾತಾಡಲಿಲ್ಲ. ಇವಳು ಕಾಯುತ್ತ ನಿಂತಳು. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಎದ್ದು ಅವಳ ಹತ್ತಿರ ಹೋದೆ.

ಕಿಟಕಿಯ ಹತ್ತಿರ ಕರೆದು ಅಂಗಳದ ಬೇವಿನ ಗಿಡ ತೋರಿಸಿದೆ. "ಎಲಿ ಕಾಣ್ತಾವೇನು?" ಎಂದೆ. ನಾನೇನೋ ಚೇಷ್ಟೆ ಮಾಡುತ್ತಿದ್ದೇನೆಂದು ತಿಳಿದು ಅವಳು ನಕ್ಕಳು. "ಗಿಡದ ಮ್ಯಾಲಿನ ಎಲಿ ಯಾರಿಗರ ಕಾಣ್ತಾವೇನ್ರಿ ಬಾಯಾರ? ಕೆಳಗ ಬಿದ್ದ ಮ್ಯಾಲ ಕಾಣ್ತಾವ" ಎಂದಳು.

ಕಲ್ಯಾಣಪ್ಪನವರೇ, ನನಗೆ ನನ್ನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮಾರ್ಕು ಕಡಿಮೆ ಬಂತೆಂದು ಹಿಂದೆ ಕೂರಿಸಿದೆವು. ಹಿಂದೆ ಹೋದಷ್ಟೂ ಬೋರ್ಡು ಕಾಣಲಿಲ್ಲ. ಕಾಣದ್ದಕ್ಕೆ ಮಾರ್ಕು ಇನ್ನೂ ಇಳಿಯಿತು. ನಾಲ್ಕು ಬಾರಿಸಿ ಎಂದು ಬರೆದಿದ್ದೀರಿ. ನಿಮ್ಮ ಒಪ್ಪಿಗೆ ಬರುವ ಮೊದಲೇ ಬಾರಿಸಿದ್ದೆ, ಅಂಗೈ ಮೇಲೆ, ಕಾಪಿ ಹೊಡೆದಳೆಂದು.

ಈಗ ನನ್ನ ತರಗತಿಯಲ್ಲಿ ಕಡಿಮೆ ಮಾರ್ಕಿನವರು ಮುಂದೆ, ಜಾಣರು ಹಿಂದೆ. "ಸಾಲಿ ತೆಲಿಕೆಳಗ ಮಾಡಿದ್ರಿ" ಎಂದು ಹೆಡ್‌ಮಾಸ್ತರು ಮುಖ ಗಂಟು ಹಾಕಿಕೊಂಡಿದ್ದಾರೆ. ಆದರೆ ಮುಂದಿನ ಬೆಂಚಿನಿಂದಲೂ ಅವಳಿಗೆ ಅರ್ಧವೇ ಕಾಣುವುದು. ಸೋಲಾಪುರಕ್ಕೆ ಕರೆದೊಯ್ದು ಕಣ್ಣು ತೋರಿಸಿ. ಬೇಗ.

ಸುಲಭಾ


ಭೂಸನೂರ
೧೧ ಅಕ್ಟೋಬರ್ ೧೯೮೯

ಮಾನ್ಯ ಬಾಯಿಯವರಿಗೆ ಶರಣು.

ಈ ಪತ್ರ ಓದಿದ ಕೂಡಲೇ ಒಲೆಗೆ ಹಾಕಿರಿ. ಅಕ್ಕನಿಗೆ ಏನೂ ಹೇಳಿಲ್ಲ ತಾನೆ? ಹೇಳಿದ್ದರೆ ನಾವು ಮುಳುಗಿದೆವು.

ತಾವು ಓದಿದವರು, ತಮಗೆ ಇದು ಸಣ್ಣ ಮಾತು. ಇಲ್ಲಿ ಚಸ್ಮಾ ಹಾಕಿದ ಹುಡುಗಿ ಎಂದರೆ ಕುರುಡಿ ಎಂದೇ ಲೆಕ್ಕ. ಹುಟ್ಟುವ ಮಕ್ಕಳಿಗೂ ಬರುತ್ತದೆ ಎನ್ನುತ್ತಾರೆ. ಅಕ್ಕ ಕಟ್ಟುನಿಟ್ಟಿನ ಹೆಣ್ಣುಮಗಳು. ಮನೆಯಲ್ಲಿ ಒಂದು ಚಂಬು ಅತ್ತಿತ್ತ ಇಟ್ಟರೆ ಸಹಿಸುವುದಿಲ್ಲ. ದೊಡ್ಡಾಕೆಯನ್ನು ಸ್ವಂತ ಸೋದರತ್ತೆಯೇ ಬೇಡವೆಂದಳು ಎಂಬ ಸುದ್ದಿ ಹಬ್ಬಿದರೆ, ಹಿಂದಿನ ಇಬ್ಬರನ್ನು ಯಾರು ಕೇಳುತ್ತಾರೆ? ಮೂವರೂ ನನ್ನ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ.

ತಪ್ಪು ತಿಳಿಯಬಾರದು, ತಾವೂ ಚಸ್ಮಾ ಹಾಕುತ್ತೀರಂತೆ, ಮದುವೆ ಇನ್ನೂ ಆಗಿಲ್ಲವಂತೆ. ಅಕ್ಕ ಹೇಳಿದಳು.

ನಾನೊಂದು ವಿಚಾರ ಮಾಡಿದ್ದೇನೆ. ದೀಪಾವಳಿಗೆ ಸೀರೆ ಕೊಡಿಸುವ ನೆಪದಲ್ಲಿ ಹೀರಾಳನ್ನು ಸೋಲಾಪುರಕ್ಕೆ ಕರೆದೊಯ್ಯುತ್ತೇನೆ. ಚಸ್ಮಾ ಮಾಡಿಸುತ್ತೇನೆ. ಅದು ತಮ್ಮ ಕಪಾಟಿನಲ್ಲಿ ಕೀಲಿ ಹಾಕಿ ಇರಲಿ. ಶಾಲೆಯಲ್ಲಿ ಹಾಕಿಕೊಳ್ಳಲಿ, ಮನೆಗೆ ಹೋಗುವಾಗ ತಮ್ಮ ಕೈಗೆ ಕೊಡಲಿ. ಅಕ್ಕನ ಮನೆ ಊರಿನ ಆ ತುದಿಗೆ. ಹುಡುಗಿಯರಿಗೆ ತಾವೊಂದು ಮಾತು ಹೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಅಕ್ಕಿಕಾಳು ಬೀಳುವ ತನಕ ಅಷ್ಟೇ. ಆಮೇಲೆ ಯಾರು ಏನು ಮಾಡುತ್ತಾರೆ?

ತಮ್ಮನ್ನೇ ನಂಬಿರುವ,
ಕಲ್ಯಾಣಪ್ಪ


ಮಣ್ಣೂರ
೨೦ ನವೆಂಬರ್ ೧೯೮೯

ಶ್ರೀ ಕಲ್ಯಾಣಪ್ಪನವರಿಗೆ ನಮಸ್ಕಾರ.

ನೀವು ಬರೆದದ್ದು ನಿಜ. ನನಗೆ ಚಸ್ಮಾ ಇದೆ, ಮದುವೆ ಇಲ್ಲ. ಎರಡಕ್ಕೂ ಸಂಬಂಧ ಇದೆಯೇ ಎಂದು ನನ್ನ ತಾಯಿ ಉಮಾಬಾಯಿಯವರನ್ನು ಕೇಳಬೇಕು. ಜೇವರ್ಗಿಯಲ್ಲಿದ್ದಾರೆ, ಊಟ ತಿಂಡಿ ಬಿಟ್ಟು ಇದೇ ವಿಷಯ ಚರ್ಚಿಸುತ್ತಾರೆ. ನಿಮ್ಮ ಅಕ್ಕನವರು ಬೇಕಾದರೆ ಅವರೊಡನೆ ಪತ್ರವ್ಯವಹಾರ ಇಟ್ಟುಕೊಳ್ಳಲಿ.

ಆ ಸಿಟ್ಟು ಅಲ್ಲಿಗೆ ಮುಗಿಯಿತು. ಈಗ ಸಂತೋಷದ ಸುದ್ದಿ. ಚಸ್ಮಾ ಹಾಕಿಕೊಂಡ ಮೊದಲ ದಿನ ಹೀರಾಬಾಯಿ ಪಾಠವನ್ನೇ ಕೇಳಲಿಲ್ಲ. ಕಿಟಕಿಯಾಚೆ ಬೇವಿನ ಗಿಡ ನೋಡುತ್ತ ಕುಳಿತಳು. "ಬಾಯಾರ, ಎಲ್ಲಾ ಬ್ಯಾರೆ ಬ್ಯಾರೆ ಅದಾವ್ರಿ" ಎಂದಳು. ನಾನು ಪಾಠ ನಿಲ್ಲಿಸಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋದೆ. ಹೊಳೆಯ ಆಚೆ ದಂಡೆಯಲ್ಲಿ ಯಾರೋ ಆಡು ಮೇಯಿಸುತ್ತಿದ್ದರು. ಅದರಲ್ಲಿ ಕುಂಟುವ ಆಡು ಯಾವುದೆಂದು ಮೊದಲು ಗುರುತಿಸಿದವಳು ನಿಮ್ಮ ಮಗಳು.

ನೀವು ಹೇಳಿದ ಹಾಗೇ ನಡೆಯುತ್ತಿದೆ. ಬೆಳಿಗ್ಗೆ ಬಂದು ನನ್ನ ಹತ್ತಿರ ಚಸ್ಮಾ ತೆಗೆದುಕೊಳ್ಳುತ್ತಾಳೆ, ಸಂಜೆ ಗಂಟೆ ಹೊಡೆದಾಗ ಒರೆಸಿ ಡಬ್ಬಿಯಲ್ಲಿಟ್ಟು ಕೊಡುತ್ತಾಳೆ. ತರಗತಿಯ ಹುಡುಗಿಯರಿಗೆ ಆಣೆ ಹಾಕಿಸಿದ್ದೇನೆ. ಆದರೆ ಆ ಡಬ್ಬಿ ಇಸಿದುಕೊಳ್ಳುವಾಗ ನನಗೆ ಒಳ್ಳೆಯದೆನಿಸುವುದಿಲ್ಲ. ಶಾಲೆಯ ಹೊತ್ತಿಗೆ ಮಾತ್ರ ಕಣ್ಣಿರುವ ಹುಡುಗಿ ಇವಳು. ತೆಗೆದಿಟ್ಟ ಮೇಲೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ, ಮೊದಲು ಹಿಡಿಯುತ್ತಿರಲಿಲ್ಲ. ತಲೆನೋವೂ ಇದೆ. ಎಷ್ಟು ದಿನ ಹೀಗೆ?

ಸುಲಭಾ


ಭೂಸನೂರ
೧೫ ಜನವರಿ ೧೯೯೦

ಮಾನ್ಯ ಬಾಯಿಯವರಿಗೆ ಶರಣು.

ಮಗಳು ತರಗತಿಗೆ ಮೊದಲಿಗಳಾದ ಸುದ್ದಿ ಬಂತು. ಆಕೆಯ ತಾಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಕಬ್ಬು ಕಡಿಯುವ ಸುಗ್ಗಿ, ಹೆಚ್ಚು ಬರೆಯಲು ಪುರಸೊತ್ತಿಲ್ಲ. ಹೇಗೆ ನಡೆದಿದೆಯೋ ಹಾಗೇ ನಡೆಯಲಿ. ತಲೆನೋವಿಗೆ ಅಕ್ಕ ಲವಂಗ ಅರೆದು ಹಚ್ಚುತ್ತಾಳಂತೆ.

ಕಲ್ಯಾಣಪ್ಪ


ಮಣ್ಣೂರ
೧೨ ಜೂನ್ ೧೯೯೦

ಶ್ರೀ ಕಲ್ಯಾಣಪ್ಪನವರಿಗೆ,

ನಾನು ದೊಡ್ಡ ತಪ್ಪು ಮಾಡಿದ್ದೇನೆ. ಬೇಸಿಗೆ ರಜೆಗೆ ಜೇವರ್ಗಿಗೆ ಹೋಗುವಾಗ ಕಪಾಟಿನ ಕೀಲಿ ಕೈಚೀಲದಲ್ಲೇ ಉಳಿದುಹೋಯಿತು. ನೆನಪೇ ಇರಲಿಲ್ಲ. ತಾಯಿಯ ಜೊತೆ ಹಪ್ಪಳ ಹಾಕುತ್ತ, ಜಗಳವಾಡುತ್ತ ರಜೆ ಕಳೆದೆ. ಇಲ್ಲಿ ಹೀರಾಬಾಯಿ ಮೇಲಿಂದ ಮೇಲೆ ಶಾಲೆಗೆ ಬಂದಳಂತೆ. "ಕಪಾಟ ತೆಗೀರಿ ಕಾಕಾ, ಜರಾ ಹೊತ್ತು ಗಿಡ ನೋಡಿ ಇಟ್ಟ್ ಹೋಗ್ತೇನಿ" ಎಂದು ಬೇಡಿಕೊಂಡಳೆಂದು ಸಿಪಾಯಿ ಪೀರಸಾಬ ಹೇಳಿದ. ಅವನ ಹತ್ತಿರ ಕೀಲಿ ಎಲ್ಲಿಂದ ಬರಬೇಕು?

ರಜೆ ಮುಗಿಸಿ ಬಂದು ನೋಡಿದರೆ ಅವಳ ಗದ್ದದ ಮೇಲೆ ಗಾಯದ ಗುರುತು. ಹೊಳೆಗೆ ಇಳಿಯುವ ಪಾವಟಿಗೆಯ ಮೇಲೆ ಕೊಡದ ಸಮೇತ ಬಿದ್ದಿದ್ದಾಳೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಆ ಗಾಯ ನನ್ನದು. ಮತ್ತು ನಿಮ್ಮದು. ನಿಮ್ಮ ಅಕ್ಕನಿಗೆ ಹೇಳಿಬಿಡಿ. ಬೈದರೆ ಬೈಯಲಿ. ಈ ವರ್ಷ ಹತ್ತನೆಯದು. ಸಂಜೆಯಾದ ಮೇಲೆ ಪುಸ್ತಕವನ್ನು ಮೂಗಿಗೆ ಹಿಡಿದು ಓದುತ್ತಾಳೆ, ಅದನ್ನು ನೋಡಿ ಅತ್ತೆ "ನಿದ್ದಿ ಮಾಡಾಕತ್ತೀಯೇನ ಬೇ" ಎನ್ನುತ್ತಾರಂತೆ.

ಇನ್ನೊಂದು ಮಾತನ್ನೂ ಅವಳು ನನಗೆ ಹೇಳಿದ್ದಾಳೆ. ಅಳುತ್ತ ಹೇಳಿದಳು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ, ಆದ್ದರಿಂದ ಬರೆಯುವುದಿಲ್ಲ. ನೀವು ಬಂದು ಮಗಳ ಹತ್ತಿರ ಸ್ವಲ್ಪ ಹೊತ್ತು ಕುಳಿತರೆ ಒಳ್ಳೆಯದು.

ಸುಲಭಾ


ಭೂಸನೂರ
೯ ನವೆಂಬರ್ ೧೯೯೦

ಮಾನ್ಯ ಸುಲಭಾಬಾಯಿಯವರಿಗೆ ಶರಣು.

ತಮ್ಮ ಪತ್ರಕ್ಕೆ ಉತ್ತರ ಬರೆಯಲು ತಡವಾಯಿತು. ಏನು ಬರೆಯಬೇಕೆಂದು ತಿಳಿಯಲಿಲ್ಲ. ಆ "ಇನ್ನೊಂದು ಮಾತು" ಮಳೆಗಾಲವೆಲ್ಲ ನನ್ನನ್ನು ಕೊರೆಯಿತು. ಯಾರಿಗೂ ಹೇಳಬಾರದ್ದು, ಅಳುತ್ತ ಹೇಳುವಂಥದ್ದು, ಅಪ್ಪನಿಗೆ ಬರೆಯಲಾಗದ್ದು. ಆ ವಯಸ್ಸಿನ ಹುಡುಗಿಯದು ಅಂಥ ಮಾತು ಏನಿರುತ್ತದೆ ಎಂದು ನಾನು ತಿಳಿಯದವನೇ? ಹುಡುಗ ಯಾರೆಂದು ನಾನು ಕೇಳುವುದಿಲ್ಲ. ಕೇಳಿದರೆ ಅದು ಊರ ಮಾತಾಗುತ್ತದೆ.

ಅಕ್ಕನ ಹತ್ತಿರ ಹೋಗಿ ಕಾರ್ಯ ಬೇಗ ಮುಗಿಸೋಣ ಎಂದೆ. ಅವಳು ಒಪ್ಪಿದ್ದಾಳೆ. ಮಾಘದಲ್ಲಿ ಲಗ್ನ. ಪರೀಕ್ಷೆ ಎಲ್ಲಿಗೆ ಓಡಿಹೋಗುತ್ತದೆ, ಆಮೇಲೆ ಬೇಕಾದರೆ ಮನೆಯಿಂದಲೇ ಕಟ್ಟಲಿ. ಸಂಕ್ರಾಂತಿಯ ಹೊತ್ತಿಗೆ ನಾನು ಬಂದು ಚಸ್ಮಾ ತೆಗೆದುಕೊಂಡು ಹೋಗುತ್ತೇನೆ. ತಾವು ಇಷ್ಟು ದಿನ ಕಾಪಾಡಿದಿರಿ, ಉಪಕಾರ ಮರೆಯುವುದಿಲ್ಲ.

ಕಲ್ಯಾಣಪ್ಪ


ಮಣ್ಣೂರ
೧೬ ನವೆಂಬರ್ ೧೯೯೦

ಕಲ್ಯಾಣಪ್ಪನವರೇ,

ಹುಡುಗ ಇಲ್ಲ! ಯಾವ ಹುಡುಗನೂ ಇಲ್ಲ. ನಾನು ಅರ್ಧ ಬರೆದೆ, ಉಳಿದರ್ಧ ನೀವು ತುಂಬಿಕೊಂಡಿರಿ, ಇಬ್ಬರೂ ಸೇರಿ ಅವಳ ಪರೀಕ್ಷೆಗೆ ಕಲ್ಲು ಹಾಕಿದೆವು. ನನ್ನ ಬೆರಳು ಕಡಿದುಕೊಳ್ಳಬೇಕೆನಿಸುತ್ತಿದೆ. ಆ ಮಾತು ಏನೆಂದು ಈಗಲೂ ಬರೆಯಲಾರೆ, ಕೊಟ್ಟ ಮಾತು ಕೊಟ್ಟದ್ದೇ. ಆದರೆ ನಿಮ್ಮ ಮಾನಕ್ಕೆ ಕುಂದು ತರುವಂಥದ್ದಲ್ಲ ಎಂದು ನನ್ನ ತಾಯಿಯ ಆಣೆ ಮಾಡಿ ಹೇಳುತ್ತೇನೆ.

ಅವಳಿಗೆ ಹದಿನಾರು. ಕಾಯಿದೆ ಹದಿನೆಂಟು ಎನ್ನುತ್ತದೆ. ಪರೀಕ್ಷೆಯ ತನಕವಾದರೂ ತಡೆಯಿರಿ. ಬೇಡಿಕೊಳ್ಳುತ್ತೇನೆ.

ಸುಲಭಾ


ಭೂಸನೂರ
೨೯ ನವೆಂಬರ್ ೧೯೯೦

ಬಾಯಿಯವರಿಗೆ,

ಆ ಕಾಯಿದೆ ನಮ್ಮ ಓಣಿಗೆ ಇನ್ನೂ ಬಂದಿಲ್ಲ. ತಾವು ಅಕ್ಷರ ಕಲಿಸಿರಿ, ಮನೆತನದ ಮಾತು ನಮಗೆ ಬಿಡಿರಿ.

ಕಲ್ಯಾಣಪ್ಪ


ಮಣ್ಣೂರ
೨೨ ಡಿಸೆಂಬರ್ ೧೯೯೦

ಶ್ರೀ ಕಲ್ಯಾಣಪ್ಪನವರಿಗೆ ನಮಸ್ಕಾರ.

ನಿಮ್ಮ ಅಕ್ಕನವರೇ ಇದನ್ನು ಬರೆಯಲು ಹೇಳಿದ್ದಾರೆ. ಕುಳಿತುಕೊಂಡು ಓದಿ.

ನಿನ್ನೆ ಸಂಜೆ ಗಂಟೆ ಹೊಡೆಯಿತು. ನಾನು ದಿನದಂತೆ ಡಬ್ಬಿ ಹಿಡಿದು ನಿಂತಿದ್ದೆ. ಹೀರಾಬಾಯಿ "ಇವತ್ತ ಬ್ಯಾಡ್ರಿ ಬಾಯಾರ" ಎಂದು ಚಸ್ಮಾ ಹಾಕಿಕೊಂಡೇ ಹೊರಗೆ ನಡೆದಳು. ನಾನು ತಡೆಯಲಿಲ್ಲ. ತಡೆಯಬೇಕಿತ್ತು ಎಂದು ನೀವು ಹೇಳುತ್ತೀರಿ. ತಡೆಯುವ ಮನಸ್ಸು ನನಗಿರಲಿಲ್ಲ. ಸ್ವಲ್ಪ ಹಿಂದೆ ನಾನೂ ನಡೆದೆ. ಕಟ್ಟೆಯ ಮೇಲಿದ್ದವರು "ಏನ್ ಹೀರಾ, ಯಾವಾಗ ಬಾಯಾರ ಆದಿ?" ಎಂದು ಕೂಗಿದರು. ಅವಳು ತಿರುಗಿ ನೋಡಲಿಲ್ಲ, ಕತ್ತು ನೆಟ್ಟಗೆ ಇಟ್ಟುಕೊಂಡು ನಡೆದಳು.

ಸುಭದ್ರಾಬಾಯಿಯವರು ಅಂಗಳದಲ್ಲಿ ಜೋಳ ಕೇರುತ್ತಿದ್ದರು. ಹುಡುಗಿ ಎದುರಿಗೆ ಹೋಗಿ ನಿಂತಳು. ಅವರು ಕೇರುತ್ತಲೇ ಇದ್ದರು. ಕಂಡೂ ಕಾಣದ ಹಾಗೆ ಮಾಡುತ್ತಿದ್ದಾರೆ ಎಂದುಕೊಂಡೆ. "ಅತ್ತೀ, ನಾ ಚಸ್ಮಾ ಹಾಕ್ಕೊಂಡೀನಿ" ಎಂದಳು ಇವಳು. ಆಗ ಮೊರ ಕೆಳಗಿಟ್ಟು ಕೈ ಚಾಚಿದರು. ಬೆರಳಿನಿಂದ ಅವಳ ಹಣೆ, ಚಸ್ಮಾದ ಕಡ್ಡಿ, ಗಾಜು ಎಲ್ಲ ಸವರಿ ನೋಡಿದರು.

"ಯಾವಾಗಿಂದ ಬೇ?"

"ಒಂದ್ ವರ್ಷದ ಮ್ಯಾಲಾತು."

"ಛಲೋ ಆತು" ಎಂದರು.

ನಾನು ಮುಂದೆ ಬಂದೆ. "ಯಾರವರು?" ಎಂದರು. ಹಗಲ ಬೆಳಕಿನಲ್ಲಿ, ಅವರ ಎದುರಿಗೇ ನಿಂತಿದ್ದೇನೆ! ಅವರ ಮನೆಯಲ್ಲಿ ಚಹಾ ಕುಡಿದು ಹೋದವಳು ನಾನು. ಹೆಸರು ಹೇಳಿದ ಮೇಲೆ ಕೂರಿಸಿಕೊಂಡು ಮೆಲ್ಲಗೆ ಹೇಳಿದರು:

"ನನ್ನ ಕಣ್ಣೂ ಹಂಗ ಅದಾವ್ರಿ ಬಾಯಾರ. ಮಾರಿ ಹತ್ರ ಮಾರಿ ಬಂದ್ರ ಕಾಣ್ತದ, ಇಲ್ಲಾಂದ್ರ ಮಂಜು. ನಮ್ಮವ್ವಗೂ ಹಿಂಗೇ ಇತ್ತು. ಮುಚ್ಚಿಟ್ಟು ಲಗ್ನ ಮಾಡಿದ್ಳು. ನನ್ನ ಗಂಡ ಸಾಯೂತನಾ ಅವಗ ನಾ ಗೊತ್ತಾಗಗೊಡ್ಲಿಲ್ಲ. ಚಂಬು ಇಟ್ಟಲ್ಲೇ ಇರಬೇಕು ಅಂತ ಎಲ್ಲಾರ ಮ್ಯಾಲೂ ಒದರ್ತೇನಿ. ಇಟ್ಟಲ್ಲಿ ಇಲ್ಲಾಂದ್ರ ನನಗ ಸಿಗಬೇಕಲ್ಲ."

ಹಾಗಾದರೆ ಹೀರಾಬಾಯಿಯದು ನಿಮಗೆ ಗೊತ್ತಿತ್ತೇ ಎಂದು ಕೇಳಿದೆ.

"ಅದಕ್ಕೇ ಸೊಸಿ ಮಾಡ್ಕೋತೇನಂತ ಕೇಳೀನಲ್ರಿ ಅಕಿನ್ನ. ಸಣ್ಣಾಕಿದ್ದಾಗ ಭೂಸನೂರಾಗ ನೋಡ್ದೆ, ಕಾಲಿಂದ ಹೊಸ್ತಿಲ ತಡವಿ ದಾಟ್ತಿದ್ಳು. ಬ್ಯಾರೇ ಮನಿಗಿ ಕೊಟ್ರ ಕುರುಡಿ ಅಂತ ಹೊರಗ ಹಾಕ್ತಾರ. ನನ್ನ ಮನ್ಯಾಗಾದ್ರ ನಾ ಅದೀನಲ್ಲ."

"ಮತ್ತ ಇಷ್ಟು ದಿನ ಯಾಕ ಸುಮ್ಮಿದ್ರಿ?" ಎಂದೆ.

"ಅಕಿದು ಹೇಳಿದ್ರ ನಂದೂ ಹೇಳ್ಬೇಕಾಗ್ತಿತ್ತು" ಎಂದರು.

ನೀವು ಅಕ್ಕನಿಂದ ಮುಚ್ಚಿದಿರಿ, ಅಕ್ಕ ನಿಮ್ಮಿಂದ ಮುಚ್ಚಿದರು. ನಡುವೆ ಹುಡುಗಿಯ ಗದ್ದ ಒಡೆಯಿತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಪರೀಕ್ಷೆಯ ವಿಷಯ ಕೇಳಿದೆ. "ಬರೀಲಿ, ಚಸ್ಮಾ ಹಾಕ್ಕೊಂಡೇ ಬರೀಲಿ. ಲಗ್ನ ಬ್ಯಾಸಗ್ಯಾಗ ಮಾಡಿದ್ರಾತು. ಮಾಘಕ್ಕ ಮಾಡೂದು ನನ್ನ ತಮ್ಮಂದೇ ಅವಸರಾ ಇತ್ತು, ನಂದಲ್ಲ" ಎಂದರು. ಹಣಮಂತರಾಯರೂ ಹೊಲದಿಂದ ಬಂದು ಕೇಳಿ ತಲೆಯಾಡಿಸಿದರು. ಮೆದು ಸ್ವಭಾವದ ಮನುಷ್ಯ.

ನೀವು ಹೆದರಿದ್ದು ಯಾವುದೂ ಆಗಲಿಲ್ಲ. ಹೀರಾಬಾಯಿ ಮಾತ್ರ ನಗಲಿಲ್ಲ, ಕಂಬಕ್ಕೆ ಒರಗಿ ನಿಂತಿದ್ದಳು. ಆಯಾಸವಾಗಿರಬೇಕು.

ಸುಲಭಾ


ಭೂಸನೂರ
೩ ಜನವರಿ ೧೯೯೧

ಮಾನ್ಯ ಸುಲಭಾಬಾಯಿಯವರಿಗೆ ಕಲ್ಯಾಣಪ್ಪನ ಸಾವಿರ ಶರಣು.

ತಮ್ಮ ಪತ್ರವನ್ನು ನಾನೂ ನನ್ನ ಹೆಂಡತಿಯೂ ಮತ್ತೆ ಮತ್ತೆ ಓದಿದೆವು. ಎದೆಯ ಮೇಲಿನ ಬಂಡೆ ಇಳಿಯಿತು. ಅಕ್ಕ ನನ್ನನ್ನು ಎತ್ತಿ ಆಡಿಸಿದವಳು. ಊರಿಗೆ ಬಂದಾಗಲೆಲ್ಲ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು. ಪ್ರೀತಿ ಎಂದುಕೊಂಡಿದ್ದೆ. ಪ್ರೀತಿಯೂ ಇತ್ತು, ಬಿಡಿ. ಕಣ್ಣಿನ ಮಾತು ತಿಳಿಯಲೇ ಇಲ್ಲ.

ನಾನು ಕಳೆದ ಪತ್ರದಲ್ಲಿ ಒರಟಾಗಿ ಬರೆದೆ, ಕ್ಷಮಿಸಬೇಕು. ನನ್ನ ಮಗಳ ಸಂಸಾರ ಉಳಿಸಿದವರು ತಾವು. ಮೇ ತಿಂಗಳ ಕೊನೆಗೆ ಲಗ್ನ ಇಟ್ಟುಕೊಂಡಿದ್ದೇವೆ. ಆಳಂದದಲ್ಲಿ ಕಾರ್ಡು ಅಚ್ಚಿಗೆ ಕೊಟ್ಟಿದ್ದೇನೆ. ಹೆಣ್ಣಿನ ಕಡೆಯಿಂದ ತಾವೇ ಮೊದಲ ಅಕ್ಷತೆ ಹಾಕಬೇಕು.

ಕಲ್ಯಾಣಪ್ಪ


ಮಣ್ಣೂರ
೨೦ ಮಾರ್ಚ್ ೧೯೯೧

ಶ್ರೀ ಕಲ್ಯಾಣಪ್ಪನವರಿಗೆ,

ಲಗ್ನದ ಕಾರ್ಡು ಮುಟ್ಟಿತು. ನನ್ನ ಮೇಜಿನ ಮೇಲಿದೆ. ನೋಡಲಾಗದೆ ಬೋರಲು ಹಾಕಿಟ್ಟಿದ್ದೇನೆ.

ಡಿಸೆಂಬರಿನಲ್ಲಿ ನಾನು ನಿಮಗೆ ಸುಳ್ಳು ಬರೆದೆ. ಹೀರಾಬಾಯಿಗೆ ಆವತ್ತು ಆಯಾಸವಾಗಿರಲಿಲ್ಲ. ನನ್ನ ಬಾಯಿಗೆ ಹಾಕಿದ್ದ ಬೀಗವನ್ನು ನಿನ್ನೆ ಅವಳೇ ತೆಗೆದಳು. "ಬರೀರಿ ಬಾಯಾರ, ಇನ್ನ ಮುಚ್ಚಿ ಏನ್ ಮಾಡೂದದ" ಎಂದಳು. ಆದ್ದರಿಂದ ಬರೆಯುತ್ತಿದ್ದೇನೆ.

ಅವಳು ಚಸ್ಮಾ ಹಾಕಿಕೊಂಡು ಮನೆಗೆ ಹೋದದ್ದು ದಾರಿ ಕಾಣಲಿ ಎಂದಲ್ಲ. ಚಸ್ಮಾ ಕಂಡರೆ ಅತ್ತೆ ಬೇಡ ಎನ್ನುತ್ತಾರೆ ಎಂದು ನೀವೇ ಹೇಳುತ್ತಿದ್ದಿರಿ. ಬೇಡ ಎನ್ನಲಿ, ಲಗ್ನ ತಪ್ಪಲಿ ಎಂದೇ ಹಾಕಿಕೊಂಡು ಹೋದಳು; ಅಂದು ಅಳುತ್ತ ನನಗೆ ಹೇಳಿದ್ದೂ ಈ ಲಗ್ನ ಬೇಡವೆಂಬ ಮಾತೇ. ನೀವು ಯಾವುದಕ್ಕೆ ಹೆದರಿದ್ದಿರೋ ಅದೇ ಅವಳ ಕೊನೆಯ ಆಸೆಯಾಗಿತ್ತು. ಅತ್ತೆ "ಛಲೋ ಆತು" ಎಂದಾಗ ಅವಳ ಮುಖ ನಾನು ನೋಡಿದೆ. ಬಾವಿಯಿಂದ ಹತ್ತಿ ಬರುವಾಗ ಮೇಲಿನವರು ಹಗ್ಗ ಬಿಟ್ಟರೆ ಹೇಗಿರುತ್ತದೋ ಹಾಗಿತ್ತು.

ಹಣಮಂತರಾಯರ ಮೇಲೆ ಅವಳ ದೂರಿಲ್ಲ. ಅತ್ತೆಯ ಮೇಲೂ ಇಲ್ಲ. ಅಷ್ಟು ಅಂತಃಕರಣದವರ ಮುಂದೆ ಬೇಡ ಎನ್ನುವುದು ಹೇಗೆ ಎಂಬುದೇ ಅವಳ ಸಂಕಟ. ಬೈಯುವವರಾಗಿದ್ದರೆ ಎದುರುತ್ತರ ಕೊಡುತ್ತಿದ್ದಳು.

ಇಷ್ಟು ವರ್ಷದಲ್ಲಿ ನಾನು, ನೀವು, ನಿಮ್ಮ ಅಕ್ಕ, ಮೂವರೂ ಅವಳ ಒಳ್ಳೆಯದನ್ನೇ ಮಾಡಿದೆವು. ಅವಳನ್ನು ಒಬ್ಬರೂ ಕೇಳಲಿಲ್ಲ. ನಾನು ಇನ್ನು ಉಪದೇಶ ಮಾಡುವುದಿಲ್ಲ, ಕಾಯಿದೆ ಹೇಳುವುದಿಲ್ಲ. ಒಂದೇ ಬೇಡಿಕೆ. ಕೇಳಿ. ಅವಳ ಬಾಯಿಂದ ಕೇಳಿಸಿಕೊಳ್ಳಿ. ಆಮೇಲೆ ನಿಮ್ಮ ಮಗಳು, ನಿಮ್ಮ ಮನಸ್ಸು.

ನನ್ನನ್ನು ಜೇವರ್ಗಿಯ ಪರೀಕ್ಷಾ ಕೇಂದ್ರಕ್ಕೆ ಮೇಲ್ವಿಚಾರಣೆಗೆ ಹಾಕಿದ್ದಾರೆ, ನಾಳೆ ಹೊರಡುತ್ತೇನೆ. ಹೀರಾಬಾಯಿಗೆ ಅಫಜಲಪುರ ಕೇಂದ್ರ. ಬರೆಯುವುದಾದರೆ ಜೇವರ್ಗಿಗೆ ನನ್ನ ತಾಯಿಯ ಮನೆಗೆ ಬರೆಯಿರಿ.

ಸುಲಭಾ


ಮಣ್ಣೂರ ಬಸ್ ನಿಲ್ದಾಣ
೧೦ ಏಪ್ರಿಲ್ ೧೯೯೧

ಸುಲಭಾಬಾಯಿಯವರಿಗೆ,

ತೊಡೆಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಹಾಗೇ ಓದಿಕೊಳ್ಳಿರಿ.

ಇವತ್ತು ಕೊನೆಯ ಪೇಪರು. ಅಫಜಲಪುರದ ಕೇಂದ್ರದ ಮುಂದೆ ಮಗಳಿಗಾಗಿ ಕಾದು ನಿಂತಿದ್ದೆ. ಚಸ್ಮಾ ಹಾಕಿಕೊಂಡು ಹೊರಗೆ ಬಂದಳು. ಆ ಗದ್ದಲದಲ್ಲಿ ದೂರದಿಂದಲೇ ನನ್ನನ್ನು ಗುರುತು ಹಿಡಿದು ಕೈ ಮಾಡಿದಳು. ಮುಂಚೆ ನಾನು ಕೂಗಿದ ಮೇಲೆ ಬರುವವಳು. ಪೇಪರು ಛಲೋ ಬರೆದೇನಿ ಎಂದಳು. ಮಣ್ಣೂರ ಬಸ್ಸು ಹತ್ತಿದೆವು.

ತಮ್ಮ ಪತ್ರ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಕೇಳುವುದೋ ಬೇಡವೋ ಎಂದು ಅರ್ಧ ದಾರಿ ಕಳೆದೆ. ಕೊನೆಗೆ ಕಿಟಕಿಯ ಕಡೆ ನೋಡುತ್ತ ಕೇಳಿದೆ. "ಹೀರಾ, ಈ ಕಾರ್ಯಾ ನಿನಗ ಒಪ್ಪಿಗಿ ಅದನೋ ಇಲ್ಲೋ?"

ಚಸ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ, "ಒಲ್ಲೆ ಯಪ್ಪಾ. ನಾ ಇನ್ನಾ ಓದ್ತೇನಿ" ಎಂದಳು.

ನನಗೆ ಕೇಳಿಸಿತು ಬಾಯಿಯವರೇ. ಸ್ವಚ್ಛ ಕೇಳಿಸಿತು. ಆದರೆ ಹಂಚಿದ ಕಾರ್ಡು ನೆನಪಾಯಿತು, ಮನೆಯಲ್ಲಿರುವ ಇಬ್ಬರು ನೆನಪಾದರು, ಅಕ್ಕ ನೆನಪಾದಳು. "ಏನಂದಿ? ಬಸ್ಸಿನ ಸಪ್ಪಳದಾಗ ಏನೂ ಕೇಳಸ್ಲಿಲ್ಲ ನೋಡ್" ಎಂದೆ. ಹಾಗೆಂದರೆ ಸುಮ್ಮನಾಗುತ್ತಾಳೆ, ಯಾವಾಗಲೂ ಸುಮ್ಮನಾಗುವ ಹುಡುಗಿ, ಮಾತು ಅಲ್ಲಿಗೇ ಮುಗಿಯುತ್ತದೆ ಎಂದು ನನ್ನ ಲೆಕ್ಕ.

ಆಕೆ ನನ್ನ ಮುಖ ನೋಡಿದಳು. ನಾನು ಸುಳ್ಳು ಹೇಳಿದ್ದು ಆಕೆಗೆ ಕಾಣಿಸಿತು. ಮೇಲಿನ ಸಲಾಕೆ ಹಿಡಿದು ಎದ್ದು ನಿಂತಳು. ಡ್ರೈವರಿಗೂ ಕೇಳುವ ಹಾಗೆ ಕೂಗಿದಳು. "ಒಲ್ಲೆ ಅಂದೆ ಯಪ್ಪಾ! ಲಗ್ನಾ ಒಲ್ಲೆ! ನಾ ಓದ್ತೇನಿ!"

ಟಿಕೀಟು ಹರಿಯುತ್ತಿದ್ದ ಕಂಡಕ್ಟರ ಕೈ ನಿಲ್ಲಿಸಿದ. ಮುಂದಿನ ಸೀಟಿನವರು ಹೊರಳಿ ನೋಡಿದರು. ಬಸ್ಸಿನಲ್ಲಿ ಅರ್ಧ ಮಣ್ಣೂರೇ ಇತ್ತು.

"ಈಗರ ಕೇಳಸ್ತೇನು?" ಎಂದಳು. ಕುಳಿತುಕೊಳ್ಳಲಿಲ್ಲ.

"ಕೇಳಸ್ತು" ಎಂದೆ.

ಈಗ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಸುದ್ದಿ ನಮಗಿಂತ ಮೊದಲೇ ಅಕ್ಕನ ಮನೆಗೆ ಮುಟ್ಟಿರುತ್ತದೆ. ಅವಳ ಮುಂದೆ ಏನು ಹೇಳಬೇಕು, ಹಿಂದಿನ ಇಬ್ಬರ ಗತಿ ಏನು, ನನಗೆ ಒಂದೂ ತಿಳಿಯುತ್ತಿಲ್ಲ. ಹೆದರಿಕೆಯಾಗುತ್ತದೆ. ಆದರೆ ಕೇಳಿಸಿಲ್ಲ ಎಂದು ಇನ್ನೊಮ್ಮೆ ಹೇಳಲು ನನ್ನಿಂದಾಗುವುದಿಲ್ಲ. ಹೀರಾ ಪಕ್ಕದಲ್ಲಿ ನಿಂತು "ನಡೀರಿ ಯಪ್ಪಾ, ನಾನೂ ಬರ್ತೇನಿ" ಅನ್ನಾಕತ್ತಾಳ. ಹೋಗುತ್ತೇವೆ.

ಕಲ್ಯಾಣಪ್ಪ